ತೊರೆಕೊಪ್ಪದ ಕಲ್ಲೂ ನನ್ನ ಮೊದಲ ನಕ್ಷೆಯೂ

ಹೆಣ್ಣುಮಗಳು ಸರ್ವೇಯರ್ ಆಗುವುದು ಎಂದಿಗೂ ಆಗದ ಮಾತು ಎಂದವನು ನನ್ನ ದೊಡ್ಡಪ್ಪ ಈರಪ್ಪ. ದಾಸನಕೊಪ್ಪದ ಸುತ್ತಿನ ಹಳ್ಳಿಗಳಲ್ಲಿ ನಲವತ್ತು ವರ್ಷ ಸರ್ವೆಯವರ ಹಿಂದೆ ಸರಪಳಿ ಎಳೆದವನು, ಗಡಿಕಲ್ಲು ನೆಟ್ಟವನು. ದಿನಗೂಲಿ. ಸಹಿ ಬರುವುದಿಲ್ಲ, ಹೆಬ್ಬೆಟ್ಟು. ನಾನು ಭೂಮಾಪಕರ ಹುದ್ದೆಗೆ ಅರ್ಜಿ ಹಾಕಿ ಬಂದ ದಿನ ಅವನು ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ಆಗೂದಿಲ್ಲ ಬಿಡ ಗಂಗವ್ವ," ಅಂದ. "ಸರ್ವೇರ ಅಂದ್ರ ಮುಳ್ಳಾಗ ಹೊಕ್ಕಬೇಕು, ಬದಾ ಹತ್ತಿ ಇಳೀಬೇಕು, ಇಬ್ಬರ ಜಗಳದಾಗ ನಡುವ ನಿಂತು ಇಬ್ಬರ ಕಡಿಂದಾನೂ ಬೈಸ್ಕೋಬೇಕು. ಗಂಡಸರ ಓಡಿಹೋಗಿದ್ದು ನೋಡೀನಿ. ನೀ ಟೀಚರ್ ಆಗು."

"ನಾ ಟೀಚರ್ ಆಗಂಗಿಲ್ಲ, ದೊಡ್ಡಪ್ಪ."

"ಹಂಗಾರ ಏನೂ ಆಗಂಗಿಲ್ಲ."

ಅವನ ಮೇಲೆ ನನಗೆ ಸಿಟ್ಟಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನಮ್ಮ ಮನೆಯಲ್ಲಿ ಏಳನೇ ಇಯತ್ತೆ ದಾಟಿದವಳೇ ನಾನೊಬ್ಬಳು. ಶಿರಸಿಯಲ್ಲಿ ಹಾಸ್ಟೆಲ್ಲಿನಲ್ಲಿದ್ದು ಬಿ.ಎಸ್ಸಿ. ಓದಿದೆ. ಎರಡನೇ ವರ್ಷ ಗಣಿತದಲ್ಲಿ ಫೇಲಾದೆ. ಅವ್ವ ಬೇರೆಯವರ ಗದ್ದೆಯಲ್ಲಿ ನಾಟಿಗೆ ಹೋಗಿ ಬಂದವಳು ಕಾಲು ತೊಳೆಯದೆಯೇ ಕೇಳಿದಳು: "ಮತ್ತೊಮ್ಮೆ ಬರದ್ರ ಪಾಸ್ ಮಾಡತಾರೇನು?" ಮಾಡುತ್ತಾರೆ ಎಂದೆ. "ಹಂಗಾರ ಬರಿ. ಅಳಬ್ಯಾಡ." ಮತ್ತೆ ಬರೆದೆ. ಆ ಪದವಿ ಪತ್ರವನ್ನು ಅವ್ವ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದಳು. ಅದರ ಪಕ್ಕದಲ್ಲಿ ಇನ್ನೊಂದು ಚೌಕಟ್ಟಿಗೆ ಮೊಳೆಯನ್ನೂ ಹೊಡೆಸಿಟ್ಟಳು. ಅದರಲ್ಲಿ ಏನು ಬರುತ್ತದೆ ಎಂದು ಕೇಳಿದರೆ, "ನಿನ್ನ ಸಹಿ ಇರೂದು ಏನರ ಬರ್ತೈತಿ" ಅಂದಳು.

ಆ ಮೊಳೆಗೆ ಬಂದದ್ದರ ಕಥೆಯನ್ನೇ ನಾನು ಹೇಳಹೊರಟಿರುವುದು. ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ನನ್ನನ್ನು ಕಂಡಾಗ "ಮೇಡಂ, ನಿಮ್ಮ ಅನುಭವ ಹೇಳಿ" ಎನ್ನುತ್ತಾರೆ. ಯಾವ ವರ್ಷ ಬಡ್ತಿ, ಯಾವ ತಾಲೂಕಿಗೆ ವರ್ಗ ಎಂಬುದೆಲ್ಲ ಸೇವಾ ಪುಸ್ತಕದಲ್ಲಿದೆ. ಅದರಲ್ಲಿ ಇಲ್ಲದ್ದನ್ನು ಬರೆಯುತ್ತೇನೆ.

ನನ್ನ ಮೊದಲ ಕೆಲಸ ಯಲ್ಲಾಪುರದಲ್ಲಿ. ಮೇಲಧಿಕಾರಿ ಹೆಗಡೆ ಸಾಹೇಬರು. ಸಣಕಲು ಮನುಷ್ಯ, ಕೈಯಲ್ಲಿ ಸದಾ ಕೊಡೆ, ಮಳೆಗಾಲದಲ್ಲಿ ಮಾತ್ರ ಮರೆತು ಬರುವರು. ಮೊದಲ ವಾರವೇ ನನ್ನನ್ನು ಇಡಗುಂದಿಗೆ ಕರೆದುಕೊಂಡು ಹೋದರು. ಒಂದು ಹೊಲದ ಗಡಿ ತಂಟೆ. ಅಲ್ಲಿ ಮನೆಯ ಯಜಮಾನ ನಮ್ಮ ಜೊತೆ ಬಂದ ಸರಪಳಿ ಆಳಿಗೆ ಕುರ್ಚಿ ಹಾಕಿ ಚಾ ಕೊಟ್ಟ, ನನಗೆ ಒಳಗೆ ಹೋಗಿ ಹೆಂಗಸರ ಜೊತೆ ಕೂರಲು ಹೇಳಿದ. ಹೆಗಡೆ ಸಾಹೇಬರು ನಗಲೂ ಇಲ್ಲ, ತಿದ್ದಲೂ ಇಲ್ಲ. ನಾನು ಕಾಗದದ ಚೀಲ ಬಿಚ್ಚಿ ಹಳೆಯ ಟಿಪ್ಪಣಿ ಪುಸ್ತಕ ಹೊರತೆಗೆದಾಗ ಆ ಯಜಮಾನನ ಮುಖ ನೋಡಬೇಕಿತ್ತು. ಕುರ್ಚಿಯಲ್ಲಿದ್ದ ಆಳು ತಾನಾಗಿಯೇ ಎದ್ದು ನಿಂತ.

ಟಿಪ್ಪಣಿ ಪುಸ್ತಕ ಎಂದರೆ ಮುಂಬೈ ಆಡಳಿತದ ಕಾಲದಲ್ಲಿ ಪ್ರತಿ ಹೊಲವನ್ನೂ ಅಳೆದು ಬರೆದಿಟ್ಟ ಅಳತೆ. ಆಗ ಅಳೆಯುತ್ತಿದ್ದುದು ಮೂವತ್ತಮೂರು ಅಡಿಯ ಕಬ್ಬಿಣದ ಸರಪಳಿಯಿಂದ. ಒಂದು ಸರಪಳಿಯ ಉದ್ದಕ್ಕೆ ಹದಿನಾರು ಭಾಗ, ಒಂದೊಂದಕ್ಕೆ ಆಣೆ ಎಂದು ಹೆಸರು. ಬಿಸಿಲಿಗೆ ಸರಪಳಿ ಹಿಗ್ಗುತ್ತದೆ, ಎಳೆಯುವವನು ಸೋಮಾರಿಯಾದರೆ ನಡುವೆ ಜೋತು ಬೀಳುತ್ತದೆ. ಆದರೂ ಆ ಅಳತೆಗಳು ನಿಂತಿವೆ. ನಿಲ್ಲಲು ಕಾರಣ, ಅಳೆಯಲು ಶುರು ಮಾಡುವ ಕಲ್ಲು ಸರಿಯಿದ್ದದ್ದು. ಮೂರು ಊರುಗಳ ಗಡಿ ಕೂಡುವ ಜಾಗದಲ್ಲಿ ಒಂದು ದೊಡ್ಡ ಕಲ್ಲು ಇರುತ್ತದೆ. ನಮ್ಮ ಕಡೆ ಅದನ್ನು ಮೂರೂರು ಕಲ್ಲು ಎನ್ನುತ್ತಾರೆ. ಅಲ್ಲಿಂದ ಅಳೆದರೆ ಊರೇ ಕೈಗೆ ಸಿಗುತ್ತದೆ. ಅದೇ ತಪ್ಪಿದರೆ ಆಮೇಲೆ ಎಷ್ಟು ಸರಿಯಾಗಿ ಅಳೆದರೂ ಅಷ್ಟೂ ತಪ್ಪು.

ಇಡಗುಂದಿಯಲ್ಲಿ ಹೆಗಡೆ ಸಾಹೇಬರು ಗಡಿಕಲ್ಲಿನ ಮುಂದೆ ನಿಂತು ನನ್ನನ್ನು ಕೇಳಿದರು, "ಎಂತ ಮಾರಾಯ್ತಿ, ಕಲ್ಲು ನೋಡಿದ್ಯ?"

"ನೋಡಿದೆ ಸರ್."

"ಕಲ್ಲಿನ ಬುಡ?"

ನನಗೆ ತಿಳಿಯಲಿಲ್ಲ. ಅವರು ಆಳಿಗೆ ಹೇಳಿ ಕಲ್ಲು ಕೀಳಿಸಿದರು. ಒಂದು ಮೊಳ ಅಗೆದರೂ ಬರೀ ಕೆಂಪು ಮಣ್ಣು. ಸಾಹೇಬರು ಯಜಮಾನನ ಕಡೆ ತಿರುಗಿ, "ಈ ಕಲ್ಲು ಯಾವಾಗ ನಡೆದುಕೊಂಡು ಬಂತು?" ಎಂದರು. ಅವನು ತಲೆ ತಗ್ಗಿಸಿದ. ಆಮೇಲೆ ಅವನದೇ ಹೊಲದೊಳಗೆ ಹತ್ತು ಹೆಜ್ಜೆ ಈಚೆ ಅಗೆದಾಗ ಇದ್ದಿಲು ಸಿಕ್ಕಿತು.

ಹಳೆಯವರು ಕಲ್ಲು ನೆಡುವ ಮೊದಲು ಗುಂಡಿಯ ತಳಕ್ಕೆ ಒಂದು ಬೊಗಸೆ ಇದ್ದಿಲು, ನಾಲ್ಕು ಒಡೆದ ಹೆಂಚಿನ ಚೂರು ಹಾಕುತ್ತಿದ್ದರು. ಇದ್ದಿಲು ಕೊಳೆಯುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ. ಕಲ್ಲನ್ನು ಯಾರು ಬೇಕಾದರೂ ಕಿತ್ತು ಸರಿಸಬಹುದು. ಕೆಳಗಿನ ಇದ್ದಿಲಿನ ನೆನಪು ಯಾರಿಗೂ ಬರುವುದಿಲ್ಲ. ನನ್ನ ದೊಡ್ಡಪ್ಪನೇ ಇಂಥ ನೂರಾರು ಗುಂಡಿಗೆ ಇದ್ದಿಲು ಹಾಕಿದವನು. ಒಲೆಯ ಇದ್ದಿಲನ್ನು ದೊಡ್ಡವ್ವ ಚೀಲಕ್ಕೆ ತುಂಬಿಕೊಡುತ್ತಿದ್ದುದನ್ನು ಚಿಕ್ಕಂದಿನಲ್ಲಿ ನೋಡಿದ್ದೆ. ಯಾಕೆಂದು ಕೇಳಿರಲಿಲ್ಲ.

ಇಷ್ಟು ಕಲಿತವಳು, ಒಂದೂವರೆ ವರ್ಷದೊಳಗೆ ಅದನ್ನು ಮರೆತೆ. ಮರೆತೆ ಎನ್ನುವುದೂ ಪೂರ್ತಿ ನಿಜವಲ್ಲ.

ಆಗ ನನ್ನನ್ನು ಶಿರಸಿಗೆ ಹಾಕಿದ್ದರು. ಬನವಾಸಿ ಕಡೆಯ ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು. ತೊರೆಕೊಪ್ಪ ಮತ್ತು ಹೊನ್ನೆಗದ್ದೆ ಎಂಬ ಎರಡು ಊರುಗಳ ಗಡಿಯಲ್ಲಿ, ರಸ್ತೆಯ ಅಂಚಿಗೆ, ಎದೆಯೆತ್ತರದ ಒಂದು ಬರಹದ ಕಲ್ಲು ನಿಂತಿತ್ತು. ರಸ್ತೆಗೆ ಅದು ಅಡ್ಡ. ಕಲ್ಲನ್ನು ಎತ್ತಿ ಅದು ಯಾವ ಊರಿನದೋ ಆ ಊರೊಳಗೆ ನಿಲ್ಲಿಸಬೇಕು, ಅದಕ್ಕಾಗಿ ಅದು ಯಾವ ಊರಿನ ನೆಲದಲ್ಲಿದೆ ಎಂದು ಅಳೆದು ನಕ್ಷೆ ಕೊಡಬೇಕು. ಇದು ನನ್ನ ಪಾಲಿಗೆ ಬಂತು. ನನ್ನೊಬ್ಬಳದೇ ಸಹಿಯ ಮೊದಲ ನಕ್ಷೆ.

ಕಲ್ಲಿನ ವಿಷಯ ಸ್ವಲ್ಪ ಹೇಳಬೇಕು. ಅದನ್ನು ಓದಬಲ್ಲವರು ಓದಿ ಹೇಳಿದ್ದು ಇಷ್ಟು: ಬಹಳ ಹಿಂದೆ ಈ ಸೀಮೆ ಆಳುತ್ತಿದ್ದ ನಾಯಕನ ಮಕ್ಕಳು, ಅಣ್ಣ ತಮ್ಮ, ಪಟ್ಟಕ್ಕಾಗಿ ಬೇರೆಯಾಗಿ ಮಂದಿ ಕೂಡಿಸತೊಡಗಿದರು. ಇನ್ನೂ ಹೊಡೆದಾಟ ಶುರುವಾಗಿರಲಿಲ್ಲ. ಆಗ ಒಂದು ಊರಿನ ಒಕ್ಕಲುಗಳೆಲ್ಲ ಕೂಡಿ, ನಾವು ಅಣ್ಣನ ಕಡೆಯೂ ಅಲ್ಲ ತಮ್ಮನ ಕಡೆಯೂ ಅಲ್ಲ, ಇಂದಿನಿಂದ ನಮ್ಮ ಸೀಮೆ ಬೇರೆ, ನಮ್ಮ ಕಣದ ಭತ್ತ ಇಬ್ಬರಿಗೂ ಇಲ್ಲ ಎಂದು ನಿಶ್ಚಯಿಸಿ ಕಲ್ಲು ನಿಲ್ಲಿಸಿದರು. ಆಮೇಲೆ ಅಣ್ಣತಮ್ಮಂದಿರು ಹೊಡೆದಾಡಿದರು, ಸುತ್ತಿನ ಊರುಗಳು ಸುಟ್ಟುಹೋದವು. ಬೇರೆಯಾದ ಊರಿನ ಹೆಸರು ಇದ್ದ ಸಾಲು ಚಕ್ಕೆ ಎದ್ದು ಹೋಗಿದೆ. ಹಾಗಾಗಿ ಕಲ್ಲು ನಿಂತ ನೆಲವೇ ಅದರ ಗುರುತು.

ತೊರೆಕೊಪ್ಪದವರಿಗೆ ಓದಿ ಹೇಳುವ ಅಗತ್ಯವಿರಲಿಲ್ಲ. ಹೊಸ ಭತ್ತ ಬಂದಾಗ ಪ್ರತಿ ಮನೆಯವರೂ ಒಂದು ಹಿಡಿ ತೆನೆ ತಂದು ಆ ಕಲ್ಲಿನ ಬುಡಕ್ಕೆ ಇಡುವುದು ಅವರ ಪದ್ಧತಿ. ಬೇರೆ ಯಾರ ಕಣಕ್ಕೂ ಹೋಗದ ಭತ್ತ ಎಂದು.

ಅಳೆಯುವ ದಿನ ಸರಪಳಿ ಹಿಡಿಯಲು ದೊಡ್ಡಪ್ಪನನ್ನೇ ಕರೆಸಿದ್ದೆ. ಅವನಿಗೆ ತೋರಿಸಬೇಕಿತ್ತು ನನಗೆ. ರಸ್ತೆಯ ಕಂತ್ರಾಟದಾರನ ಜೀಪು ಕಾಯುತ್ತಿತ್ತು, ಶಿರಸಿಯ ಖಾದರ್ ಭಾಯ್ ಲಾರಿ ತಂದು ನಿಲ್ಲಿಸಿದ್ದರು, ಎರಡೂ ಊರಿನ ಮಂದಿ ಸೇರಿದ್ದರು. ದಿಬ್ಬದ ಮೇಲಿದ್ದ ದೊಡ್ಡ ಕಲ್ಲಿಗೆ ಸರಪಳಿಯ ತುದಿ ಇಡಲು ಹೇಳಿದೆ. ದೊಡ್ಡಪ್ಪ ಇಡಲಿಲ್ಲ.

"ಗಂಗವ್ವ, ಇದು ಮೂರೂರು ಕಲ್ಲಲ್ಲ. ಮೂರೂರು ಕಲ್ಲು ಆ ಹುಣಸೀಗಿಡದ ಕಡೆ ಇತ್ತು. ಹಿಂದಕ ರಸ್ತೇದವರು ಕಿತ್ತು ಇಲ್ಲಿ ಇಟ್ಟಾರ."

"ನಕ್ಷೆದಾಗ ದಿಬ್ಬ ಅಂತ ಐತಿ, ದೊಡ್ಡಪ್ಪ."

"ಅದೂ ದಿಬ್ಬ, ಇದೂ ದಿಬ್ಬ. ಬುಡ ಅಗದು ನೋಡೂಣು. ಇದ್ದಿಲ ಇದ್ರ ನಿಂದ ಖರೆ."

ಮಂದಿ ನಕ್ಕರು. ಯಾರೋ ಹಿಂದಿನಿಂದ, "ಸರ್ವೇರ ಯಾರ್ರಿ, ಅಜ್ಜನೋ ಮೊಮ್ಮಗಳೋ?" ಅಂದರು. ನನ್ನ ಕಿವಿ ಬಿಸಿಯಾಯಿತು. ನಾನು ಆಡಿದ ಮಾತು ಇವತ್ತಿಗೂ ನೆನಪಿದೆ: "ಓದಿದಾಕಿ ನಾನೋ ನೀನೋ? ನೀ ಸರಪಳಿ ಹಿಡಿ. ಅಷ್ಟ ನಿನ್ನ ಕೆಲಸ."

ದೊಡ್ಡಪ್ಪ ಸರಪಳಿ ಹಿಡಿದ.

ಅಳತೆಯ ಪ್ರಕಾರ ಬರಹದ ಕಲ್ಲು ಹೊನ್ನೆಗದ್ದೆಯ ನೆಲದಲ್ಲಿ ಬಂತು. ತೊರೆಕೊಪ್ಪದವರ ಗುಂಪಿನಿಂದ ಒಬ್ಬ ಹೆಣ್ಣುಮಗಳು ಮುಂದೆ ಬಂದಳು. ಗೌರವ್ವ ಎಂದು ಆಮೇಲೆ ತಿಳಿಯಿತು, ಆ ಊರಿಗೆ ಸೊಸೆಯಾಗಿ ಬಂದು ಐದಾರು ವರ್ಷ ಆಗಿತ್ತೇನೋ. "ಬಾಯಾರ, ಇದು ನಮ್ಮ ಕಲ್ಲರಿ. ನಾವು ತೆನೀ ಇಡತೀವಿ" ಅಂದಳು. ನಾನು ಕಾಗದ ತೋರಿಸಿ, "ನಕ್ಷೆ ಹೀಗೆ ಹೇಳುತ್ತದೆ" ಎಂದೆ. ಓದಲು ಬಾರದವಳ ಮುಂದೆ ಕಾಗದ ಹಿಡಿದೆ. ಖಾದರ್ ಭಾಯ್ ಲಾರಿಗೆ ಕಲ್ಲು ಏರಿಸುವಾಗ ಮೂರು ಸಲ ಕೇಳಿದರು: "ಮೇಡಂ, ಪಕ್ಕಾ ಹೊನ್ನೆಗದ್ದೆಗೇನಾ? ಒಮ್ಮೆ ಇಳಿಸಿದರೆ ಮತ್ತೆ ಎತ್ತೋದು ಕಷ್ಟ." ಪಕ್ಕಾ ಎಂದೆ.

ಆ ನಕ್ಷೆಯ ಒಂದು ಪ್ರತಿಯನ್ನು ಅವ್ವ ಮೊಳೆಗೆ ತೂಗುಹಾಕಿದಳು.

ಆಮೇಲೆ ಮೂವತ್ತು ವರ್ಷ ಕೆಲಸ ಮಾಡಿದೆ. ಸಿದ್ದಾಪುರದಲ್ಲಿ ಒಮ್ಮೆ ಮನೆಯೊಂದರ ಆಸ್ತಿ ಪಾಲಿಗೆ, ಅಂದರೆ ಹಿಸ್ಸೆಗೆ, ಅಳೆಯುತ್ತ ಗೆರೆಯನ್ನು ದನದ ಕೊಟ್ಟಿಗೆಯ ನಡುವೆ ಎಳೆದುಬಿಟ್ಟೆ. ಮನೆಯ ಹಿರಿಯ ಸೊಸೆ ಬಂದು, "ಎಂತ ಮಾಡಿದ್ರಿ? ಎಮ್ಮೆಯ ತಲೆ ನಮ್ಮ ಪಾಲಿಗೆ, ಕೆಚ್ಚಲು ಮೈದುನನ ಪಾಲಿಗಾ?" ಎಂದಳು. ಕಿರಿಯ ಸೊಸೆ ಒಳಗಿನಿಂದ, "ಅದಕ್ಕೆ ಒಪ್ಪಿಗೆ ಇದ್ರೆ ಅಕ್ಕ ಈಗಲೇ ಸಹಿ ಹಾಕಲಿ" ಎಂದಳು. ನಗುತ್ತ ನಗುತ್ತ ಇಬ್ಬರೂ ಸೇರಿ ನನ್ನ ಗೆರೆಯನ್ನು ತಿದ್ದಿಸಿದರು. ಸರಪಳಿ ಹೋಗಿ ಟೇಪು ಬಂತು, ಟೇಪು ಹೋಗಿ ಮೂರು ಕಾಲಿನ ಮೇಲೆ ನಿಲ್ಲಿಸಿ ಕಣ್ಣಿಟ್ಟು ನೋಡುವ ಯಂತ್ರ ಬಂತು, ಕೊನೆಗೆ ಉಪಗ್ರಹದಿಂದ ಜಾಗ ಹೇಳುವ ರೋವರ್ ಬಂತು. ಒಂದು ಕೋಲು, ತುದಿಗೆ ಅಣಬೆಯಂಥ ಬಿಳಿ ತಲೆ. ಐವತ್ತು ದಾಟಿದ ಮೇಲೆ ಅದನ್ನು ಕಲಿತೆ. ಮೊದಲ ತಿಂಗಳು ರಾತ್ರಿ ಕನಸಲ್ಲೂ ಅದು ಪೀ ಪೀ ಎನ್ನುತ್ತಿತ್ತು.

ದೊಡ್ಡಪ್ಪ ನನ್ನೊಡನೆ ಮಾತು ಬಿಡಲಿಲ್ಲ. ಹಬ್ಬಕ್ಕೆ ಹೋದರೆ ಕರೆದು ಕೂಡಿಸಿ ಊಟ ಮಾಡಿಸುತ್ತಿದ್ದ. ಆದರೆ ನನ್ನ ಕೆಲಸದ ವಿಷಯ ಮಾತ್ರ ಎಂದೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ನಿವೃತ್ತಿಗೆ ಮೂರು ವಾರ ಇರುವಾಗ ಒಂದು ಫೈಲು ನನ್ನ ಮೇಜಿಗೆ ಬಂತು. ಹೊನ್ನೆಗದ್ದೆಯ ಸರ್ಕಲ್ಲಿನಲ್ಲಿದ್ದ ಆ ಬರಹದ ಕಲ್ಲಿನ ಪಕ್ಕ ಸರ್ಕಾರದವರು ಗ್ರಾನೈಟಿನ ಫಲಕ ನಿಲ್ಲಿಸುತ್ತಾರಂತೆ. ಅಣ್ಣತಮ್ಮಂದಿರ ಕಾಳಗಕ್ಕೆ ಮುನ್ನ ಇಬ್ಬರಿಂದಲೂ ಬೇರೆಯಾದ ಊರು ಹೊನ್ನೆಗದ್ದೆ ಎಂದು ಅದರಲ್ಲಿ ಕೆತ್ತಬೇಕು. ಊರಿನ ಹೆಸರು ಸರಿಯಿದೆಯೇ, ದೃಢೀಕರಿಸಿ ಎಂದು ಕೇಳಿದ್ದರು. ಆಧಾರಕ್ಕೆ ನನ್ನ ನಕ್ಷೆಯ ಪ್ರತಿ. ಅದರ ಹಿಂದೆ ಒಂದು ತಕರಾರು ಅರ್ಜಿ, ತೊರೆಕೊಪ್ಪದ ಗೌರವ್ವ ಹೆಬ್ಬೆಟ್ಟು ಒತ್ತಿದ್ದು. ಯಾರಿಂದಲೋ ಬರೆಸಿದ್ದಳು: ಕಲ್ಲು ಹೋದ ಮೇಲೂ ನಾವು ರಸ್ತೆಯಡಿ ಮುಚ್ಚಿಹೋದ ಅದರ ಕುಣಿಯ ಹತ್ತಿರ ಪ್ರತಿ ವರ್ಷ ತೆನೆ ಇಡುತ್ತಿದ್ದೇವೆ, ಈಗ ಫಲಕದಲ್ಲಿ ಬೇರೆ ಊರಿನ ಹೆಸರು ಕೆತ್ತಿದರೆ ನಮ್ಮ ಮೊಮ್ಮಕ್ಕಳು ಆ ಬರಹವನ್ನೇ ನಂಬುತ್ತಾರೆ, ನಮ್ಮನ್ನು ನಂಬುವುದಿಲ್ಲ.

ಓದಿ ಮುಗಿಸಿ ಚಾ ಕುಡಿಯಲು ಹೋದೆ. ಕುಡಿಯಲಾಗಲಿಲ್ಲ. ಹಳೆಯ ಗ್ರಾಮನಕ್ಷೆಗಳು ಈಗ ಕಂಪ್ಯೂಟರಿನಲ್ಲಿವೆ. ಅದರ ಮೇಲೆ ನನ್ನ ನಕ್ಷೆಯನ್ನು ಇಟ್ಟು ನೋಡಿದೆ. ನಾನು ಮೂರೂರು ಕಲ್ಲು ಎಂದುಕೊಂಡದ್ದಕ್ಕೂ ನಕ್ಷೆಯ ಮೂರೂರು ಕಲ್ಲಿಗೂ ಸುಮಾರು ಎರಡು ಸರಪಳಿ ಅಂತರ. ಅಲ್ಲಿಂದ ಸರಿಯಾಗಿ ಅಳೆದರೆ ಬರಹದ ಕಲ್ಲು ಇದ್ದ ಜಾಗ ತೊರೆಕೊಪ್ಪದ್ದು.

ಈಗಿನ ಸಾಹೇಬರು ನನ್ನ ಮಗನ ವಯಸ್ಸಿನವರು, ಒಳ್ಳೆಯವರು. ಹೋಗಿ ಹೇಳಿದೆ. ಅವರು ಎದ್ದು ಬಾಗಿಲು ಮುಂದೆ ಮಾಡಿ ಬಂದರು.

"ಮೇಡಂ, ಇನ್ನು ಹದಿನೆಂಟು ದಿನ. ಈಗ ನೀವೇ ನಿಮ್ಮ ನಕ್ಷೆ ತಪ್ಪು ಅಂತ ಬರೆದುಕೊಟ್ಟರೆ ವಿವರಣೆ ಕೇಳುತ್ತಾರೆ, ನಿವೃತ್ತಿ ಕಾಗದ ತಡೆಯಬಹುದು. ನೀವು ಹೋದ ಮೇಲೆ ನಾನೇ ನೋಡಿಕೊಳ್ಳುತ್ತೇನೆ."

"ನಾನು ಹೋದ ಮೇಲೆ ನೀವೂ ವರ್ಗವಾಗಿ ಹೋಗುತ್ತೀರಿ, ಸರ್. ಫಲಕ ಅಲ್ಲೇ ಇರುತ್ತದೆ."

ಅವರು ಪೆನ್ನು ಕೆಳಗಿಟ್ಟರು. "ಯಂತ್ರ ಹೇಳಿದ್ದು ಸಾಲುವುದಿಲ್ಲ. ಹೊನ್ನೆಗದ್ದೆಯವರು ತಕರಾರು ತೆಗೆದರೆ? ನೆಲದ ಮೇಲೆ ಪುರಾವೆ ಏನಿದೆ?"

ನೆಲದ ಮೇಲೆ ಇಲ್ಲ ಸರ್, ಕೆಳಗಿರಬಹುದು ಎಂದೆ.

ಅಂದು ಸಂಜೆ ದೊಡ್ಡಪ್ಪನ ಮನೆಗೆ ಹೋದೆ. ಎಂಬತ್ತೆಂಟು ದಾಟಿತ್ತು, ಕಣ್ಣು ಮಂಜು, ಮಾತು ಮಾತ್ರ ಹರಿತ. ಅದೇ ಕಟ್ಟೆ. ಪಕ್ಕದಲ್ಲಿ ಕೂತೆ. ಹೇಗೆ ಶುರು ಮಾಡುವುದೆಂದು ಬಸ್ಸಿನಲ್ಲಿ ಬರುವಾಗ ಯೋಚಿಸಿಕೊಂಡದ್ದೆಲ್ಲ ಮರೆತುಹೋಯಿತು.

"ದೊಡ್ಡಪ್ಪ, ತೊರೆಕೊಪ್ಪದ ಕಲ್ಲು. ಅವತ್ತ ನೀ ಹೇಳಿದ್ದು ಖರೆ ಇತ್ತು."

ಅವನು ಎಲೆಯ ತೊಟ್ಟು ಮುರಿದ. "ಗೊತ್ತೈತಿ."

"ಮತ್ತ ಇಷ್ಟ ವರ್ಷ ಯಾಕ ಹೇಳಲಿಲ್ಲ?"

"ನೀನ ಅಂದಿದ್ದಿ ಅಲ್ಲ, ಸರಪಳಿ ಹಿಡಿಯೂದಷ್ಟ ನನ್ನ ಕೆಲಸ ಅಂತ. ಸರಪಳಿ ನಿಮ್ಮ ಆಫೀಸಿನಾಗ ತುಕ್ಕು ಹಿಡೀತು. ನನ್ನ ಕೆಲಸಾ ಮುಗೀತು."

ನಾನು ಅವನ ಕಾಲು ಮುಟ್ಟಲು ಬಗ್ಗಿದೆ. "ಏಳ, ಏಳ," ಅಂದ, "ಸುಣ್ಣದ ಡಬ್ಬಿ ಚೆಲ್ಲೀಯ." ಆಮೇಲೆ ತಾನೇ ಕೇಳಿದ: "ಯಾವಾಗ ಅಗೀತೀರಿ?"

ಅಗೆಯುವ ದಿನ ಎರಡೂ ಊರಿನವರಿಗೆ ನೋಟಿಸು ಕೊಟ್ಟಿದ್ದೆವು. ಸಾಹೇಬರೂ ಬಂದಿದ್ದರು. ದೊಡ್ಡಪ್ಪನನ್ನು ಆಟೋದಲ್ಲಿ ಕರೆತಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂಡಿಸಿದೆವು. ಈ ಸಲ ಕುರ್ಚಿ ಸರಿಯಾದವನಿಗೇ ಹೋಯಿತು. ಮೊದಲು ನಾನು ಅಂದು ಸರಪಳಿ ಇಡಿಸಿದ್ದ ಕಲ್ಲಿನ ಬುಡ ಅಗೆಸಿದೆ. ಎರಡು ಅಡಿ ಹೋದರೂ ರಸ್ತೆಗೆ ಹಾಕುವ ಜಲ್ಲಿ, ಆಮೇಲೆ ಬರೀ ಮಣ್ಣು. ಕಲ್ಲನ್ನು ಯಾರೋ ತಂದು ನಿಲ್ಲಿಸಿದ್ದು ಅಲ್ಲಿಗೇ ತಿಳಿಯಿತು. ಆಮೇಲೆ ರೋವರ್ ಹಿಡಿದು ಹೊರಟೆ. ಹುಣಸೆಮರ ಎಂದೋ ಹೋಗಿತ್ತು, ಅಲ್ಲೆಲ್ಲ ಲಂಟಾನದ ಮೆಳೆ. ಮೆಳೆ ಕಡಿಸಿದೆವು. ಯಂತ್ರ ಪೀ ಎಂದ ಜಾಗಕ್ಕೆ ಗೂಟ ಹೊಡೆದೆ.

ದೊಡ್ಡಪ್ಪ ಕುರ್ಚಿಯಿಂದಲೇ ಕೂಗಿದ: "ಆ ಅಣಬಿ ಎಲ್ಲಿ ಹೇಳತೈತಿ?"

"ಇಲ್ಲೆ, ದೊಡ್ಡಪ್ಪ."

"ಒಂದ ಗೇಣು ನನ್ನ ಕಡೆ ಸರಸು. ಇಳಿಜಾರಿಗೆ ಮಣ್ಣು ಹರದಿರತೈತಿ."

ಮಂದಿ ನಕ್ಕರು. ಈ ಸಲ ನಾನೂ ನಕ್ಕೆ. ಗೂಟ ಕಿತ್ತು ಒಂದು ಗೇಣು ಸರಿಸಿದೆ.

ಒಂದು ಮೊಳ ಅಗೆದರು. ಏನೂ ಇಲ್ಲ. ಇನ್ನೊಂದು ಗೇಣು. ಏನೂ ಇಲ್ಲ. ಗೌರವ್ವ ಗುಂಡಿಯ ಅಂಚಿನಲ್ಲಿ ಕೂತಿದ್ದಳು, ಕೂದಲೆಲ್ಲ ಬೆಳ್ಳಗಾಗಿತ್ತು, ಸೆರಗಿನ ತುದಿ ಬಾಯಲ್ಲಿ ಹಿಡಿದಿದ್ದಳು. ಸಾಹೇಬರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಇದ್ದಿಲು ಸಿಗದಿದ್ದರೆ ನನ್ನ ತಪ್ಪು ತಪ್ಪಾಗಿಯೇ ಗ್ರಾನೈಟಿಗೆ ಏರುತ್ತದೆ, ನಾನು ಸನ್ಮಾನದ ಶಾಲು ಹೊದ್ದು ಮನೆಗೆ ಹೋಗುತ್ತೇನೆ. ಅಷ್ಟೇ ಯೋಚನೆ.

ಗುದ್ದಲಿಗೆ ಏನೋ ತಾಗಿ ಟಣ್ ಎಂದಿತು. ಹೆಂಚಿನ ಚೂರು. ಕೈಯಿಂದ ಮಣ್ಣು ಸರಿಸಿದರೆ ಕೆಳಗೆ ಕಪ್ಪು. ಒಂದು ಬೊಗಸೆಯಷ್ಟು ಇದ್ದಿಲು, ನಿನ್ನೆ ಒಲೆಯಿಂದ ತೆಗೆದಂತೆ. ನಾನು ಗುಂಡಿಗೆ ಇಳಿದು ಒಂದು ತುಂಡು ತಂದು ದೊಡ್ಡಪ್ಪನ ಅಂಗೈಗೆ ಹಾಕಿದೆ. ಅವನು ಬೆರಳಿನಿಂದ ಉಜ್ಜಿದ, ಮೂಗಿಗೆ ಹಿಡಿದ.

"ಮತ್ತಿ ಗಿಡದ ಕಟಿಗಿ," ಅಂದ. "ನಿನ್ನ ದೊಡ್ಡವ್ವ ಹಾಕಿಕೊಟ್ಟಿದ್ದು. ಹಳೇ ಕಲ್ಲು ವಾಲಿತ್ತು, ಅದ ಜಾಗದಾಗ ನಾ ಎರಡನೇ ಸಲ ನೆಟ್ಟಾಗ."

ಗೌರವ್ವ ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳಲಾರೆ. ನನಗೆ ಮಾತ್ರ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಆ ಗುರುತಿನಿಂದ ಬರಹದ ಕಲ್ಲು ಇದ್ದ ಕುಣಿಯ ತನಕ ಅಲ್ಲೇ ಎಲ್ಲರೆದುರು ಮತ್ತೆ ಅಳೆದೆ. ಕುಣಿ ತೊರೆಕೊಪ್ಪದ ನೆಲದೊಳಗೇ ಬಂತು. ಇನ್ನು ಉಳಿದದ್ದು ಹೊನ್ನೆಗದ್ದೆಯವರು ಏನೆನ್ನುತ್ತಾರೋ ಎಂಬ ಭಯ. ಅವರ ಪಂಚಾಯಿತಿಯ ನಾಗಪ್ಪ ಮುಂದೆ ಬಂದಾಗ ನಾನು ಯಂತ್ರ ಕೆಳಗಿಟ್ಟೆ. ಕೈಮುಗಿದು, "ತಪ್ಪು ನನ್ನದು, ನಿಮ್ಮ ಊರಿನ ಕಲ್ಲು ಕಸಿದುಕೊಳ್ಳುವಂತಾಯಿತು" ಎಂದೆ.

"ತಗೊಂಡ ಹೋಗ್ರಿ ಅಕ್ಕಾರ!" ಅಂದರು ನಾಗಪ್ಪ. "ಮೂವತ್ತ ವರ್ಷ ಆತು, ಹೊರಗಿಂದ ಬಂದೋರೆಲ್ಲಾ ಸರ್ಕಲ್ಲಿನಾಗ ನಿಂತು ಕೇಳತಾರ, ನಿಮ್ಮ ಊರು ಯಾಕ ಬ್ಯಾರೆ ಆತು ಅಂತ. ನಮಗೇನು ಗೊತ್ರಿ? ನಮ್ಮ ಹಿರ್ಯಾರು ಬ್ಯಾರೆ ಆದೋರಲ್ಲ. ಅಣ್ಣನ ಕಡೆ ನಿಂತು ಬಡದಾಡಿ ಊರ ಸುಡಿಸ್ಕೊಂಡೋರು. ಅದನ್ನ ಎಲ್ಲರ ಬರೀರಿ, ನಮ್ಮ ಹೆಸರಿಗೆ."

ಗೌರವ್ವ ಕೂತಲ್ಲಿಂದಲೇ, "ಬರೀಲಿ ಬಿಡ್ರಿ ಪಾಪ. ಆ ಕಾಲದಾಗೂ ಇವರು ಹಿಂಗ ಇದ್ರು, ಯಾರೋ ಕರದ್ರು ಅಂತ ಹೋಗೋರು" ಎಂದಳು.

"ನೀವು ಕರದ್ರೂ ಬಾರದೋರು!" ಎಂದರು ನಾಗಪ್ಪ. ಸಾಹೇಬರಿಗೂ ನಗು ತಡೆಯಲಾಗಲಿಲ್ಲ.

ಕಲ್ಲನ್ನು ಮತ್ತೆ ತೊರೆಕೊಪ್ಪಕ್ಕೆ ತಂದ ಲಾರಿ ಖಾದರ್ ಭಾಯ್ ಮಗನದು. ಮುಂದೆ ಕ್ಯಾಬಿನ್ನಿನಲ್ಲಿ ಖಾದರ್ ಭಾಯ್ ಕೂತು ಬಂದಿದ್ದರು, ನೋಡಲೆಂದೇ. ಇಳಿದವರೇ, "ಮೇಡಂ, ಈಗ ಪಕ್ಕಾನಾ?" ಎಂದರು. ಊರೊಳಗೆ ತೋಡಿದ ಹೊಸ ಗುಂಡಿಗೆ ಕಲ್ಲು ಇಳಿಸುವ ಮೊದಲು ಗೌರವ್ವ ಮನೆಯಿಂದ ಒಂದು ಬೊಗಸೆ ಇದ್ದಿಲು ತಂದು ತಳಕ್ಕೆ ಹಾಕಿದಳು. ಯಾರೂ ಹೇಳಿರಲಿಲ್ಲ.

ವಿವರಣೆ ಕೇಳಿದರು, ನಿಜ. ಒಂದು ಪುಟ ಬರೆದೆ: ಮೂಲಕಲ್ಲಿನ ಬುಡ ಪರೀಕ್ಷಿಸದೆ ಅಳತೆ ಮಾಡಿದ್ದು ನನ್ನ ಲೋಪ, ಸ್ಥಳದಲ್ಲಿದ್ದ ಅನುಭವಿಯೊಬ್ಬರು ಎಚ್ಚರಿಸಿದರೂ ಕೇಳಲಿಲ್ಲ. ಇನ್ನೇನು ಬರುತ್ತದೋ ಎಂದು ಐದು ದಿನ ಕಾದೆ. ಆರನೆಯ ದಿನ, ವಿವರಣೆ ಒಪ್ಪಲಾಗಿದೆ, ತಿದ್ದುಪಡಿ ನಕ್ಷೆ ಸೇರಿಸಿ ಎಂಬ ಒಂದು ಸಾಲು ಬಂತು. ಮೂವತ್ತು ವರ್ಷದ ಭಾರಕ್ಕೆ ಒಂದು ಸಾಲಿನ ಉತ್ತರ. ಮಕ್ಕಳೇ, ತಪ್ಪು ಒಪ್ಪಿಕೊಳ್ಳುವುದಕ್ಕೆ ನಾವು ಹೆದರುವಷ್ಟು ದೊಡ್ಡ ಶಿಕ್ಷೆ ಬಹಳ ಸಲ ಇರುವುದೇ ಇಲ್ಲ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು.

ಅವ್ವ ತೀರಿಹೋಗಿ ಬಹಳ ವರ್ಷವಾಗಿದೆ. ಮನೆಗೆ ಹೋಗಿ ಗೋಡೆಯ ಮೇಲಿನ ಆ ಹಳೆಯ ನಕ್ಷೆಯನ್ನು ಇಳಿಸಿದೆ. ಗಾಜಿನ ಹಿಂದೆ ಜೇಡರ ಬಲೆ. ಮೊಳೆ ಗಟ್ಟಿಯಾಗಿಯೇ ಇತ್ತು. ತಿದ್ದುಪಡಿ ನಕ್ಷೆಯ ಪ್ರತಿಯನ್ನು ಅದೇ ಚೌಕಟ್ಟಿಗೆ ಹಾಕಿ ಅದೇ ಮೊಳೆಗೆ ತೂಗುಹಾಕಿದೆ.

ನಾನು ಕೆಲಸದಲ್ಲಿದ್ದ ಕೊನೆಯ ದಿನವೇ ತೊರೆಕೊಪ್ಪದಲ್ಲಿ ಫಲಕ ನಿಂತಿತು. ಅಣ್ಣತಮ್ಮಂದಿರ ಕಾಳಗಕ್ಕೆ ಮೊದಲು ಈ ಊರು ಇಬ್ಬರಿಂದಲೂ ಬೇರೆಯಾದದ್ದು, ಪಕ್ಕದ ಹೊನ್ನೆಗದ್ದೆ ಅಣ್ಣನ ಪರ ನಿಂತು ನೊಂದದ್ದು, ಎರಡೂ ಕೆತ್ತಿದ್ದರು. ಅದಿನ್ನೂ ಹೊಸ ಭತ್ತದ ಕಾಲವಲ್ಲ. ಗೌರವ್ವ ಹೋದ ವರ್ಷದ ತೆನೆಯ ಒಂದು ಕಟ್ಟು ಜಂತಿಗೆ ಕಟ್ಟಿಟ್ಟಿದ್ದಳಂತೆ, ಅದನ್ನೇ ತಂದು ಕಲ್ಲಿನ ಬುಡಕ್ಕೆ ಇಟ್ಟಳು.

ಸಾಹೇಬರು ಸ್ಥಳ ದೃಢೀಕರಣ ಪತ್ರವನ್ನು ನನ್ನ ಕೈಯಿಂದಲೇ ಕೊಡಿಸಿದರು. ಕೆಳಗೆ ನನ್ನ ಸಹಿ, ನೌಕರಿಯ ಕೊನೆಯ ಸಹಿ. ಸಾಕ್ಷಿಯ ಜಾಗದಲ್ಲಿ ದೊಡ್ಡಪ್ಪನ ಹೆಬ್ಬೆಟ್ಟು. ಗೌರವ್ವನಿಗೆ ಕೊಡುವ ಮೊದಲು ನಾನದನ್ನು ದೊಡ್ಡಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಹಿಂದಿನ ನಕ್ಷೆ ತಪ್ಪಾಗಿತ್ತು ಎಂಬ ಸಾಲನ್ನೂ ಬಿಡದೆ ಓದಿದೆ. ಆಮೇಲೆ ಗೌರವ್ವನ ಕೈಗೆ ಕೊಟ್ಟೆ. ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಎಲ್ಲರೂ ಚಪ್ಪಾಳೆ ತಟ್ಟಿದರು. ದೊಡ್ಡಪ್ಪ ತಟ್ಟಲಿಲ್ಲ. ಕೈ ಬೀಸಿ ನನ್ನನ್ನು ಹತ್ತಿರ ಕರೆದ.

"ಗಂಗವ್ವ, ಆ ಕಾಗದದಾಗ ಇನ್ನ ಜಾಗ ಐತೇನು?"

"ಯಾಕ, ದೊಡ್ಡಪ್ಪ?"

"ಹೆಂಗೂ ತಪ್ಪು ತಿದ್ದಾಕ ಹತ್ತೀದಿ. ನಂದೂ ಒಂದ ಐತಿ, ಬರಕೋ. ನೀ ಸರ್ವೇರ ಆಗೂದಿಲ್ಲ ಅಂದಿದ್ದೆ."